ಬರೀ ನಾದುವವಳು

ಸ್ಕಿಪ್ಟನ್,
ಮಂಗಳವಾರ, ಅಕ್ಟೋಬರ್ 6, 1908

ಬೇಕರಿಯ ಒಡತಿಯಾಗಲು ಹೊರಟಿರುವ ಸೆಲೀನಕ್ಕನಿಗೆ,

ನಾನು ರೂತ್ ಚಿಕ್ಕಮ್ಮನ ಮನೆಯಲ್ಲಿದ್ದೇನೆ. ಹುಡುಕಿಕೊಂಡು ಬರಬೇಡ. ನೀನು ಬರುವವಳೂ ಅಲ್ಲ. ಬಂದರೆ ಬೆಳಗಿನ ಹಿಟ್ಟು ಯಾರು ನಾದಬೇಕು? ನಿನ್ನೆದುರು ನಿಂತರೆ ನನ್ನ ಬಾಯಿ ಕಟ್ಟಿಹೋಗುತ್ತದೆ ಎಂದು ನಿನಗೆ ಚೆನ್ನಾಗಿ ಗೊತ್ತು. ಅದನ್ನೇ ನಂಬಿಕೊಂಡು ತಾನೇ ಭಾನುವಾರ ಚರ್ಚಿನಲ್ಲಿ ಅಷ್ಟು ಧೈರ್ಯವಾಗಿ ಸುಳ್ಳು ಹೇಳಿದ್ದು?

ಹೋದ ವರ್ಷ ಸುಗ್ಗಿಯ ಪ್ರಾರ್ಥನೆಯ ಹೊತ್ತಿಗೆ ನಾನು ಜ್ವರದಲ್ಲಿ ಮಲಗಿದ್ದೆ. ಚರ್ಚಿನಲ್ಲಿಡುವ ಗೋಧಿ ತೆನೆಕಟ್ಟಿನ ಆಕಾರದ ದೊಡ್ಡ ಬ್ರೆಡ್ಡನ್ನು ನೀನೊಬ್ಬಳೇ ಮಾಡಿದೆ. ಹುದುಗು ಹೆಚ್ಚು, ನೀರು ಹೆಚ್ಚು, ನಾದಿದ್ದು ಕಡಿಮೆ. ಒಲೆಯೊಳಗೆ ತೆನೆಗಳೆಲ್ಲ ಉಬ್ಬಿ ಒಂದಕ್ಕೊಂದು ಅಂಟಿಕೊಂಡವು. ಪಕ್ಕದ ಮನೆಯ ಮಿಸೆಸ್ ಗಾರ್ಥ್ ಏನಂದಳು, ನೆನಪಿದೆಯೇ? “ಏನೇ ಸೆಲೀನಾ, ಸುಗ್ಗಿಗೆ ಅಂತ ಕುರಿ ಮಲಗಿಸಿದ್ದೀಯಲ್ಲೇ! ಉಣ್ಣೆ ಕತ್ತರಿಸೋದು ಯಾವಾಗ?”

ಆ ಮಾತು ಅಮ್ಮನಿಗೆ ಚುಚ್ಚಿತ್ತು. ಗಂಟುನೋವಿನಿಂದ ಮಹಡಿಯ ಹಾಸಿಗೆ ಬಿಟ್ಟು ಇಳಿಯಲಾರದವಳು ಈ ವರ್ಷ ನಮ್ಮಿಬ್ಬರನ್ನೂ ಕರೆದು ಹೇಳಿದಳು: “ತೆನೆಕಟ್ಟು ಯಾರ ಕೈಗೆ ಬಗ್ಗುತ್ತೋ ಬೇಕರಿ ಅವಳದ್ದು. ಬೋರ್ಡಿನ ಮೇಲೆ ಅವಳ ಹೆಸರೇ ಬರೆಸ್ತೀನಿ.”

ಶನಿವಾರ ಹಿಟ್ಟನ್ನು ಗಟ್ಟಿಯಾಗಿ ಕಲಸಿದವಳು ನಾನು. ತೋಳು ಸೋತು ಕೊನೆಗೆ ಮೊಣಕೈ ಊರಿ ನಾದಿದವಳು ನಾನು. ಒಂದೊಂದು ದಂಟನ್ನೂ ಹೊಸೆದು, ಒಂದೊಂದು ತೆನೆಗೂ ಕತ್ತರಿಯಿಂದ ಕಾಳು ಎಬ್ಬಿಸಿದವಳೂ ನಾನೇ. ನೀನು ಮೇಲೆ ಮೊಟ್ಟೆ ಹಚ್ಚಿದೆ, ಅಷ್ಟೆ. ಆಮೇಲೆ ಕೈ ತೊಳೆದುಕೊಂಡು ಚಂದದ ಅಕ್ಷರದಲ್ಲಿ ಚೀಟಿ ಬರೆದೆ: ಮಾಡಿದವಳು ಸೆಲೀನಾ ಔತ್‌ವೇಟ್. ಅಷ್ಟು ಓದಲು ನನಗೂ ಬರುತ್ತದೆ.

ಪಾದ್ರಿ ಎಲ್ಲರ್ಬಿಯವರು ಆ ಚೀಟಿಯನ್ನೇ ಎತ್ತಿ ಹಿಡಿದು ಮಾತಾಡಿದರು. “ಮಾಡೋದಕ್ಕೆಲ್ಲ ನಾವು ದಿನಾ ಮೇಕ್ ಮೇಕ್ ಅಂತೀವಲ್ಲ, ಆ ಮಾತಿನ ಬೇರು ಎಲ್ಲಿದೆ ಗೊತ್ತಾ? ಬಲು ಹಿಂದೆ ಅದಕ್ಕೆ ನಾದೋದು ಅಂತ ಅರ್ಥ ಇತ್ತು ಅಂತ ತಿಳಿದವರು ಹೇಳ್ತಾರೆ. ಗೋಡೆಗೆ ಮಣ್ಣು, ಹೊಟ್ಟೆಗೆ ಹಿಟ್ಟು. ಈಗ ಹಡಗು ಮಾಡ್ತೀವಿ, ಗಡಿಯಾರ ಮಾಡ್ತೀವಿ. ಬಾಯಲ್ಲಿ ಮಾತ್ರ ಇನ್ನೂ ಹಿಟ್ಟೇ ನಾದ್ತಾ ಇದ್ದೀವಿ!” ಜನ ನಕ್ಕರು. ನೀನು ಎದ್ದು ಬಾಗಿ ವಂದಿಸಿದೆ. ಕೈಗೆ ಗವಸು ಬೇರೆ.

ಮಿಸೆಸ್ ಗಾರ್ಥ್ ಸುಮ್ಮನಿರುವವಳೇ? “ಹಾಗಾದ್ರೆ ನಿಮ್ಮ ಟ್ಯಾಬಿತಾ ಏನು ಮಾಡಿದ್ಲೇ?” ಎಂದಳು.

“ಅವಳಾ? ಅವಳದ್ದೇನು, ಬರೀ ನಾದೋದು” ಎಂದೆ ನೀನು.

ಪಾದ್ರಿಗಳು ಮಾತು ಮುಗಿಸಿ ಇನ್ನೂ ಕೂತಿರಲಿಲ್ಲ ಸೆಲೀನಾ! ಅವರ ಮಾತಿಗೆ ಹೌದು ಹೌದು ಎಂದು ತಲೆಯಾಡಿಸಿದ ಜನವೇ ನಿನ್ನ ಮಾತಿಗೂ ತಲೆಯಾಡಿಸಿತು. ಅವತ್ತು ಗಾಡಿಯಲ್ಲಿ ಕೂರಿಸಿ ಕರೆತಂದಿದ್ದ ಅಮ್ಮ ನನ್ನ ಕಡೆ ತಿರುಗಿ, “ಹೌದೇನೇ ಟ್ಯಾಬಿ?” ಎಂದು ಕೇಳಿದಳು. ನಾನು ನನ್ನ ಬೂಟು ನೋಡಿಕೊಂಡು ನಿಂತೆ. ಅಮ್ಮ ನಿನ್ನ ಗವಸಿನ ಕೈ ಹಿಡಿದುಕೊಂಡಳು. ಗವಸು ತೆಗೆದು ಆ ಮೆತ್ತನೆಯ ಅಂಗೈ ಹಿಡಿದಿದ್ದರೆ ನಾನು ಬಾಯಿ ಬಿಡುವ ಅಗತ್ಯವೇ ಇರಲಿಲ್ಲ.

ಶುಕ್ರವಾರ ಬೋರ್ಡು ಬರೆಯುವವನು ಬರುತ್ತಾನೆ. ಅಷ್ಟರೊಳಗೆ ಅಮ್ಮನ ಹಾಸಿಗೆಯ ಪಕ್ಕ ಕೂತು ನಿಜ ಹೇಳು. ಹೇಳಲಾರೆಯಾದರೆ ನಿನ್ನ ಹೆಸರನ್ನೇ ದಪ್ಪಕ್ಷರದಲ್ಲಿ ಬರೆಸಿಕೋ. ಆ ಬೋರ್ಡಿನ ಕೆಳಗೆ ನಾನು ಮತ್ತೆ ಕಾಲಿಡುವುದಿಲ್ಲ. ಇಲ್ಲಿನ ಬೇಕರಿಯವನೊಬ್ಬ ನನ್ನ ತೋಳು ನೋಡಿಯೇ ಸೋಮವಾರದಿಂದ ಬಾ ಎಂದಿದ್ದಾನೆ. ಮಾತು ಬರುತ್ತದೆಯೇ ಎಂದು ಅವನು ಕೇಳಲಿಲ್ಲ. ಮುಂದಿನ ಸುಗ್ಗಿಗೆ ಊರಿನವರು ನಿನ್ನ ಕುರಿಯ ಮುಂದೆಯೇ ಪ್ರಾರ್ಥನೆ ಮಾಡಲಿ.

ಅಮ್ಮನ ಬೆರಳುಗಳಿಗೆ ರಾತ್ರಿ ಬಿಸಿ ಬಟ್ಟೆ ಸುತ್ತುವುದನ್ನು ಮರೆಯಬೇಡ. ಅದಾದರೂ ನಿನ್ನ ಕೈಯಿಂದ ಆಗಲಿ.

ಇಂತಿ,
ಬರೀ ನಾದುವವಳು,
ಟ್ಯಾಬಿತಾ

ತಾ.ಕ.: ತೆನೆಕಟ್ಟಿನ ದಂಟಿನ ಮೇಲೆ ಕೂರಿಸಿದ್ದ ಹಿಟ್ಟಿನ ಪುಟ್ಟ ಇಲಿ ಕಾಣದೆ ಹೋಯಿತೆಂದು ಮಿಸೆಸ್ ಗಾರ್ಥಳ ಮೊಮ್ಮಕ್ಕಳನ್ನು ಬೈದೆಯಲ್ಲ, ಅವರದೇನೂ ತಪ್ಪಿಲ್ಲ. ಅದನ್ನು ಕಿತ್ತುಕೊಂಡು ಬಂದವಳು ನಾನು. ಮೊಟ್ಟೆ ಹಚ್ಚಿದ್ದಷ್ಟೇ ನಿನ್ನ ಕೆಲಸ ಎಂದು ಮೇಲೆ ಬರೆದಿದ್ದೇನೆ. ಇಲಿಯೂ ನಿನ್ನದೇ. ನಾನು ಚಿಕ್ಕವಳಿದ್ದಾಗ ಅಳು ನಿಲ್ಲಿಸಲೆಂದು ಮಿಕ್ಕ ಹಿಟ್ಟು ನಾದಿ ಮಾಡಿಕೊಡುತ್ತಿದ್ದೆಯಲ್ಲ, ಹಾಗೆಯೇ ಇದೆ, ಒಂದು ಕಿವಿ ಸೊಟ್ಟ. ಒಲೆಗೆ ಎಸೆಯಬೇಕೆಂದೇ ತಂದಿದ್ದೆ. ಚಿಕ್ಕಮ್ಮನ ಕಿಟಕಿಯಲ್ಲಿ ಕೂತಿದೆ.