ಗಾಳಿ ನಿಂತಾಗ ಬಾಗಿಲು ತೆಗೆದವರು

ಅಪ್ಪಾ,

ಸಕಲ ಸಂತರ ಸಾಕ್ಷಿಯಾಗಿ ತಪ್ಪೊಪ್ಪಿಕೊಳ್ಳುತ್ತಿದ್ದೇನೆ: ನೀನು ಡಾಮಿನೋ ಆಡುತ್ತಿದ್ದ ಮೇಜನ್ನು ಗರಗಸದಿಂದ ಕೊಯ್ದು ಅಡುಗೆಮನೆಯ ಕಿಟಕಿಗೆ ಅಡ್ಡಲಾಗಿ ಜಡಿದೆ. ಅದರ ಮೇಲೆ ನೀನು ಗೆದ್ದದ್ದಂತೂ ಇಲ್ಲ, ಚಂಡಮಾರುತವನ್ನಾದರೂ ಅದು ಗೆಲ್ಲಲಿ.

ಛಾವಣಿಯನ್ನು ಉಕ್ಕಿನ ಹಗ್ಗದಿಂದ ಬಿಗಿದೆ. ಕಾಂಕ್ರೀಟಿನ ಬಚ್ಚಲುಮನೆಯನ್ನು ಹೆಂಡತಿ ನೆರೆಯ್ದಾಳಿಗೂ ಮಗಳು ಜುಲೇಕಾಳಿಗೂ ಕೊಟ್ಟೆ. ಆ ಸಲದ ಚಂಡಮಾರುತದಲ್ಲಿ ನೀನದನ್ನು ನಿನ್ನ ಕಾಳಗದ ಹುಂಜಗಳಿಗೆ ಕೊಟ್ಟು ನಮ್ಮನ್ನು ಮಂಚದಡಿ ತಳ್ಳಿದ್ದೆ! ಚಂಡಮಾರುತದ ಕಣ್ಣು ನೆತ್ತಿಯ ಮೇಲೆ ಬಂದು ಗಾಳಿ ನಿಂತರೆ, ಇನ್ನರ್ಧ ಬಾಕಿಯಿದೆ ಎಂದು ಪೋರ್ಟೊರಿಕೊದ ಹಸುಗೂಸಿಗೂ ಗೊತ್ತು. ನೀನು ಮಾತ್ರ ಅವತ್ತು ತಪ್ಪಿಸಿಕೊಂಡ ಹುಂಜವೊಂದನ್ನು ಹುಡುಕಲು ಬಾಗಿಲು ತೆಗೆದು ಹೊರಟೆ. ಗಾಳಿ ತಿರುಗಿ ಬಂತು, ಹುಂಜವೂ ತಿರುಗಿ ಬಂತು, ನೀನು ಬರಲಿಲ್ಲ. ಹುಂಜಕ್ಕಿದ್ದ ಬುದ್ಧಿ ನಿನಗಿರಲಿಲ್ಲ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಇವತ್ತೂ ಗಾಳಿ ನಿಂತಿತು. ಹೊರಗೆ ಜುಲೇಕಾಳ ಹುಂಜ ಕೂಗಿತು.

"ಪಪ್ಪಾ, ಪಾಪ ಅದೊಂದೇ ಇದೆ ಹೊರಗೆ," ಎಂದು ಅತ್ತಳು.

"ನಿಮ್ಮ ತಾತನ ಥರ ತಲೆಕೆಟ್ಟವನಲ್ಲ ನಾನು! ಈಗ ಬಾಗಿಲು ತೆಗೆಯೋನು ಕತ್ತೆ, ಶುದ್ಧ ಕತ್ತೆ!"

ನೆರೆಯ್ದಾ ನಕ್ಕಳು. "ಮತ್ತೆ ಬೂಟು ಯಾಕೆ ಹಾಕ್ಕೊಳ್ತಿದೀಯ, ಮಹಾನುಭಾವ?"

ನಾನು ತಿರುಗಿ ಬರುವಾಗ ಅವಳು ನಗುತ್ತಿರಲಿಲ್ಲ. ನನ್ನನ್ನು ಒಳಗೆಳೆದು ಚಿಲಕ ಹಾಕಿದಳು, ಅಷ್ಟರಲ್ಲಿ ಗಾಳಿ ಬಾಗಿಲನ್ನು ಗುದ್ದಿತು.

ಈಗ ನಾವೆಲ್ಲ ಬಚ್ಚಲುಮನೆಯಲ್ಲಿದ್ದೇವೆ. ನೆರೆಯ್ದಾ ನನ್ನೊಡನೆ ಮಾತು ಬಿಟ್ಟಿದ್ದಾಳೆ. ನನ್ನ ತೊಡೆಯ ಮೇಲೆ ಹಿಕ್ಕೆ ಹಾಕುತ್ತ ಆರಾಮವಾಗಿ ಕುಳಿತಿದೆ, ನಿನ್ನ ಆ ಹುಂಜದ ಮೊಮ್ಮಗ.