ಹೆಬ್ಬೆರಳಿನಷ್ಟು ಮುಖ

ಜುಲೈ ೯, ಮಂಗಳವಾರ

ಪ್ರಿಯ ಬುರುಡೆರಾಯ,

ನಿನ್ನ ಎರಡೂ ಪತ್ರಗಳು ತಲುಪಿವೆ. ಉತ್ತರ ಬರಲಿಲ್ಲವೆಂದು ನೀನು ಹಲ್ಲು ಕಡಿಯುತ್ತಿರುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ಬೈದುಕೊ, ಬೇಡವೆನ್ನುವುದಿಲ್ಲ. ‘ನಾವೆಲ್ಲ ಕ್ಷೇಮ’ ಎಂದು ಶುರುಮಾಡಲು ಎಷ್ಟೋ ಸಲ ಕುಳಿತೆ. ಆ ಸಾಲು ಬರೆಯಲು ಕೈ ಬರಲಿಲ್ಲ. ಕ್ಷೇಮವಿಲ್ಲ ಎಂದು ಬರೆಯಲೂ ಮನಸ್ಸಾಗಲಿಲ್ಲ. ಹಾಗೇ ದಿನ ಹೋಯಿತು. ಅತ್ತಿಗೆಯವರ ಮಂಡಿನೋವು ಹೇಗಿದೆ? ಅಡುಗೆಮನೆಯಲ್ಲಿ ಅವರಿಗೆ ಸಹಾಯ ಮಾಡುತ್ತಿದ್ದೇನೆಂದು ಬರೆದಿದ್ದೀಯ. ಪಾಪ, ನೋವಿನ ಜೊತೆಗೆ ಅವರಿಗೆ ಇದೂ ಒಂದು ಕಷ್ಟ.

ನಮ್ಮ ಗೊಂಬೆ ವರ್ಕ್‌ಶಾಪಿನಲ್ಲಿ ನಿನ್ನ ಕುರ್ಚಿಗೆ ಈಗ ಒಬ್ಬ ಹುಡುಗಿ ಬಂದಿದ್ದಾಳೆ. ಒಳ್ಳೆಯವಳು, ಚುರುಕು. ಮೇಣ ಮುಟ್ಟುವುದಿಲ್ಲ, ಎಲ್ಲ ಕಂಪ್ಯೂಟರಿನಲ್ಲೇ. ಅರ್ಧ ಮುಖ ಮಾಡಿದರೆ ಉಳಿದರ್ಧ ತಾನೇ ಬಂದುಬಿಡುತ್ತದಂತೆ. ಯಾರ ಮುಖ, ತಾಯಿ, ಎಡಕ್ಕೂ ಬಲಕ್ಕೂ ಒಂದೇ ಥರ ಇರುವುದು ಎಂದು ಕೇಳಿದೆ. ನಕ್ಕು, ನನಗೆ ಕಾಫಿ ತಂದುಕೊಟ್ಟಳು.

ನಮ್ಮ ಹಳೇ ಜಗಳ ನಿನಗೆ ನೆನಪಿರಬೇಕು. ಒಂದೇ ಮೇಜಿನ ಎರಡು ಬದಿಗೆ ಕೂತು, ದೊಡ್ಡವರು ಗಾಜಿನ ಕಪಾಟಿನಲ್ಲಿ ಜೋಡಿಸಿಡುವ ಆಕ್ಷನ್ ಫಿಗರ್ ಗೊಂಬೆಗಳಿಗೆ ತಲೆ ಮಾಡುವುದರಲ್ಲೇ ನಮ್ಮಿಬ್ಬರ ಆಯುಷ್ಯ ಕಳೆಯಿತು. ಹೆಬ್ಬೆರಳಿನಷ್ಟು ಮುಖವಾದರೂ ಕಣ್ಣಂಚಿನ ಸುಕ್ಕೊಂದನ್ನೂ ಬಿಡಬಾರದು ಎಂದು ನಾನು. ಅಷ್ಟು ಚಿಕ್ಕದರಲ್ಲಿ ಸುಕ್ಕು ಯಾರಿಗೆ ಬೇಕು, ಮೂಗು ಉದ್ದವಿದ್ದರೆ ಇನ್ನೂ ಎಳೆ, ದವಡೆ ಅಗಲವಿದ್ದರೆ ಇನ್ನೂ ಹರಡು ಎಂದು ನೀನು. ನೀನು ನನ್ನನ್ನು ಭೂತಗನ್ನಡಿ ಎಂದು ಕರೆದೆ, ನಾನು ನಿನ್ನನ್ನು ಬುರುಡೆರಾಯ ಎಂದೆ. ಹೋದ ವಾರ ಗಿರಾಕಿಯೊಬ್ಬ ನಾನು ಮಾಡಿದ ಹೊಸ ಸೇನಾಪತಿಯ ತಲೆ ನೋಡಿ, ‘ಚರ್ಮದ ರಂಧ್ರವೆಲ್ಲ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ’ ಎಂದು ಬರೆದಿದ್ದಾನೆ. ನಿನಗೆ ಎಷ್ಟು ಖುಷಿಯಾಗುತ್ತದೆಂದು ಗೊತ್ತು, ಇನ್ನೊಂದು ಸಲ ಓದಿಕೊ.

ಈಗ ವಿಷಯಕ್ಕೆ ಬರುತ್ತೇನೆ. ಮಗಳಿಗೆ ಪೆಟ್ಟಾದದ್ದು ನಿನಗೆ ಗೊತ್ತು. ಹಿಂದಕ್ಕೆ ಬರುತ್ತಿದ್ದ ಲಾರಿ ತಾಗಿ ಬಿದ್ದಳು, ತಲೆ ಮೆಟ್ಟಿಲಂಚಿಗೆ ಬಡಿಯಿತು. ಗಾಯ ಮಾಗಿದೆ, ಕೂದಲು ಬೆಳೆದಿದೆ, ವರ್ಕ್‌ಶಾಪಿನ ಬಣ್ಣದ ಮೇಜಿಗೆ ಮರಳಿದ್ದಾಳೆ ಎಂದಷ್ಟೇ ನಿನಗೆ ಬರೆದಿದ್ದೆ. ಉಳಿದದ್ದನ್ನು ಬರೆದಿರಲಿಲ್ಲ.

ಅವಳಿಗೆ ಮುಖಗಳ ಗುರುತು ಸಿಗುವುದಿಲ್ಲ ಕಣಯ್ಯ. ದೃಷ್ಟಿ ಸರಿಯಾಗಿದೆ, ಬುದ್ಧಿ ಸರಿಯಾಗಿದೆ, ಗೊಂಬೆಗಳಿಗೆ ರೆಪ್ಪೆ ಬರೆಯುವಾಗ ಅವಳ ಕೈ ಮೊದಲಿನಷ್ಟೇ ಗಟ್ಟಿ. ಡಾಕ್ಟರು ತಾಳ್ಮೆಯಿಂದ ತಿಳಿಸಿಹೇಳಿದರು. ಕಣ್ಣು, ಮೂಗು, ಬಾಯಿ ಎಲ್ಲ ಅವಳಿಗೆ ಕಾಣುತ್ತದೆ. ಅವೆಲ್ಲ ಕೂಡಿ ಒಬ್ಬ ಮನುಷ್ಯನಾಗುವುದಿಲ್ಲ. ಇದು ಸರಿಹೋದೀತು ಎಂಬ ಭರವಸೆ ಅವರು ಕೊಡಲಿಲ್ಲ. ನನ್ನನ್ನು ಕೆಮ್ಮಿನಿಂದ ಗುರುತಿಸುತ್ತಾಳೆ. ಅಳಿಯ ಬಸ್ಸಿನ ಡ್ಯೂಟಿ ಮುಗಿಸಿ ಬಂದರೆ ಅವನ ಡ್ರೈವರ್ ಅಂಗಿಯಿಂದ. ಒಮ್ಮೆ ಅಂಗಡಿಯ ಬಾಗಿಲಲ್ಲಿ ಎದುರಿಗೆ ಬಂದ ಹೆಂಗಸಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. ಅದು ಕನ್ನಡಿ. ಆಮೇಲೆ ಅವಳೇ ಅದನ್ನು ತಮಾಷೆಯಾಗಿ ಹೇಳಿದಳು, ನಾವೂ ನಗಬೇಕಾಯಿತು.

ನಗಲಾಗದ್ದು ಶಾಲೆಯ ಗೇಟಿನ ಮುಂದೆ ನಡೆಯಿತು. ಮೊಮ್ಮಗಳು ಚೂಟಿಗೆ ಈಗ ಏಳು ವರ್ಷ. ಮಕ್ಕಳಿಗೆಲ್ಲ ಒಂದೇ ಯೂನಿಫಾರ್ಮು, ಒಂದೇ ಥರ ಎರಡು ಜಡೆ. ಹಳದಿ ಬ್ಯಾಗು ನೋಡಿ ಅವಳಮ್ಮ ಗುರುತು ಹಿಡಿಯುತ್ತಿದ್ದಳು. ಅವತ್ತು ಇನ್ನೊಂದು ಹುಡುಗಿಯ ಬೆನ್ನಿನಲ್ಲೂ ಹಳದಿ ಬ್ಯಾಗು. ನನ್ನ ಮಗಳು ಹೋಗಿ ಆ ಹುಡುಗಿಯ ಕೈ ಹಿಡಿದು ನಡೆದೇಬಿಟ್ಟಳು. ಆ ಮಗು ಚೀರಿತು, ಅದರ ತಾಯಿ ಓಡಿ ಬಂದಳು, ಜನ ಸೇರಿದರು. ಅಷ್ಟು ಹೊತ್ತೂ ಚೂಟಿ ಪಕ್ಕದಲ್ಲೇ ನಿಂತಿದ್ದಳು. ಯಾಕಮ್ಮ ನೀನು ಕೂಗಲಿಲ್ಲ ಎಂದು ಆಮೇಲೆ ಕೇಳಿದೆ.

“ಕೂಗಿದ್ರೆ ಗೊತ್ತಾಗತ್ತೆ ತಾತ. ಕೂಗದೇನೇ ಗೊತ್ತಾಗ್ಲಿ ಅಂತ ನಿಂತಿದ್ದೆ. ಅಮ್ಮ ನನ್ನ ನೋಡಿದ್ಲು. ಬೇರೆ ಯಾರದೋ ಮಗೂನ ನೋಡೋ ಹಾಗೆ ನೋಡಿದ್ಲು.”

ಇದನ್ನು ಬರೆಯಲು ನನಗೆ ಇಷ್ಟು ದಿನ ಹಿಡಿಯಿತು. ಮಗಳು ಆವತ್ತಿನಿಂದ ಶಾಲೆಯ ಕಡೆ ಹೋಗುವುದಿಲ್ಲ, ನಾನೇ ಹೋಗುತ್ತೇನೆ. ಸ್ವಂತ ಮಗುವನ್ನು ಬ್ಯಾಗು ನೋಡಿ ಹುಡುಕುವವಳು ತಾಯಿ ಹೇಗಾಗುತ್ತೇನೆ ಎಂದು ಒಮ್ಮೆ ಕೇಳಿದಳು.

ನನಗೆ ಗೊತ್ತಿರುವುದು ಒಂದೇ ಕೆಲಸ. ಮೇಣ ತೆಗೆದುಕೊಂಡು ಚೂಟಿಯ ತಲೆ ಮಾಡಲು ಕೂತೆ. ದಿನವೂ ಕೈಯಲ್ಲಿ ಹಿಡಿದು ನೋಡುತ್ತಿದ್ದರೆ ಮುಖ ಮನಸ್ಸಿಗೆ ಇಳಿದೀತೆಂದು ಆಸೆ. ಇಂಥ ತಲೆಯನ್ನು ನಾನು ಹಿಂದೆಂದೂ ಮಾಡಿರಲಿಲ್ಲ ಕಣಯ್ಯ. ಕೆನ್ನೆಯ ಮೇಲಿನ ಎಳೆಗೂದಲು, ಮುಂದಿನ ಹಲ್ಲಿನ ಸಂದು, ಯಾವುದನ್ನೂ ಬಿಡಲಿಲ್ಲ. ವರ್ಕ್‌ಶಾಪಿನವರೆಲ್ಲ ಬಂದು ನೋಡಿ, ಇನ್ನೇನು ಮಾತಾಡಿಬಿಡುತ್ತಾಳೆ ಅಂದರು. ಮಗಳ ಕೈಗೆ ಕೊಟ್ಟೆ. ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು.

“ತುಂಬಾ ಚೆನ್ನಾಗಿದೆ ಅಪ್ಪ. ಯಾರ ತಲೆ ಇದು?”

ಹಾಗೆಂದು ಅದನ್ನು ತಲೆಕೆಳಗು ಮಾಡಿ ಕುತ್ತಿಗೆಯ ತಳ ನೋಡಿದಳು. ಅಲ್ಲಿ ಅಚ್ಚಿನ ನಂಬರು ಇರುತ್ತದಲ್ಲ, ಈಗ ಅವಳು ಆ ನಂಬರು ನೋಡಿಯೇ ಯಾವ ಗೊಂಬೆಗೆ ಯಾವ ಬಣ್ಣವೆಂದು ತಿಳಿದುಕೊಳ್ಳುವುದು. ನಾನು ಮಾಡಿದ್ದಕ್ಕೆ ನಂಬರಿರಲಿಲ್ಲ. ಯಾರೂ ಅಲ್ಲ, ಸುಮ್ಮನೆ ಒಂದು ಮಗು ಎಂದು ಹೇಳಿ ವಾಪಸು ತೆಗೆದುಕೊಂಡೆ.

ಆಮೇಲೆ ಒಂದು ದಿನ ಬಣ್ಣ ಸರಿಪಡಿಸಲು ನಿನ್ನ ಹಳೇ ತಲೆಗಳು ಅವಳ ಮೇಜಿಗೆ ಬಂದವು. ಅವಳು ಒಂದರ ಕುತ್ತಿಗೆಯನ್ನೂ ತಿರುಗಿಸಲಿಲ್ಲ. ಇದು ಗೋಳುಮೋರೆ ರಾಜ, ಇದು ಮೊಂಡುಮೂಗಿನ ಕಳ್ಳ, ಇದು ಉಬ್ಬುಹಲ್ಲಿನ ನಾವಿಕ ಎಂದು ಸಾಲಾಗಿ ಜೋಡಿಸಿಟ್ಟಳು. ಹೇಗೆ ಗೊತ್ತಾಯಿತು ಎಂದು ಕೇಳಿದರೆ, ಮಾಮನ ತಲೆಗಳು ಮರೆಯಲು ಬಿಡುವುದಿಲ್ಲ ಅಪ್ಪ ಅಂದಳು.

ಅದಕ್ಕೇ ಈ ಪತ್ರ. ಚೂಟಿಯ ಫೋಟೋಗಳನ್ನು ಇದರ ಜೊತೆಗಿಟ್ಟಿದ್ದೇನೆ. ನಿನ್ನ ರೀತಿಯಲ್ಲಿ ಅವಳ ತಲೆಯೊಂದನ್ನು ಮಾಡಿಕೊಡು. ನಾನೇ ಮಾಡಲು ನೋಡಿದೆ. ಕಿವಿಯನ್ನು ಇದ್ದದ್ದಕ್ಕಿಂತ ಕೂದಲೆಳೆಯಷ್ಟು ದೊಡ್ಡದು ಮಾಡಿದರೂ ಮತ್ತೆ ಹೋಗಿ ತಿದ್ದಿಬಿಡುತ್ತೇನೆ. ಜಗಳದಲ್ಲಿ ಸೋತೆ ಎಂದು ಬರೆದುಕೊಡಬೇಕಾದರೆ ಬರೆದುಕೊಡುತ್ತೇನೆ, ಗೋಡೆಗೆ ಅಂಟಿಸಿಕೊ. ಮಗು ಬಾಯಿ ತೆರೆಯುವ ಮೊದಲೇ ಅವಳಮ್ಮ ಅವಳನ್ನು ಗುರುತಿಸಬೇಕು, ನನಗೆ ಅಷ್ಟು ಸಾಕು.

ನಿನ್ನ
ಭೂತಗನ್ನಡಿ


ಅಕ್ಟೋಬರ್ ೨೧, ಸೋಮವಾರ

ಪ್ರಿಯ ಬುರುಡೆರಾಯ,

ತಲೆ ತಲುಪಿದ ದಿನವೇ ಬರೆಯಬೇಕಿತ್ತು. ತಲುಪಿತು ಎಂದಷ್ಟೇ ಹೇಳುವುದಾದರೆ ಫೋನು ಸಾಕಿತ್ತು, ಕೆಲಸ ಮಾಡಿತೋ ಇಲ್ಲವೋ ನೋಡಿಕೊಂಡೇ ಬರೆಯೋಣವೆಂದು ಕಾದೆ. ತಡವಾದದ್ದಕ್ಕೆ ಈ ಸಲವೂ ಬೈದುಕೊ. ಅತ್ತಿಗೆಯವರು ಕೋಲಿಲ್ಲದೆ ನಡೆಯುತ್ತಿದ್ದಾರೆಂದು ಓದಿ ಸಮಾಧಾನವಾಯಿತು.

ಹತ್ತಿಯಲ್ಲಿ ಸುತ್ತಿ, ಡಬ್ಬಿಯೊಳಗೆ ಡಬ್ಬಿ ಇಟ್ಟು ಕಳಿಸಿದ್ದೆಯಲ್ಲ, ಬಿಚ್ಚಿದವಳು ಚೂಟಿಯೇ. ನೋಡಿದ ಕೂಡಲೇ ಮುಖ ಊದಿಸಿಕೊಂಡಳು. ನನ್ನ ಕಿವಿ ಇಷ್ಟು ದೊಡ್ಡದಾ, ಈ ತಾತನಿಗೆ ಕಣ್ಣು ಕಾಣಲ್ವಾ ಎಂದು ನಿನ್ನ ಮೇಲೆ ಬಹಳ ಕೋಪ ಮಾಡಿಕೊಂಡಳು. ನಾನೂ ಕನ್ನಡಕ ಹಾಕಿಕೊಂಡು ನೋಡಿದೆ. ಎಡಹುಬ್ಬು ಹಣೆಯ ಅರ್ಧಕ್ಕೆ ಏರಿದೆ, ಕೆಳತುಟಿ ಒಂದು ಬದಿಗೆ ಮುಂದೆ ಬಂದಿದೆ, ಬಲಗಿವಿ ಬಾಗಿಲು ತೆರೆದ ಹಾಗೆ ಹೊರಗೆ ನಿಂತಿದೆ. ಒಂದು ಅಳತೆಯೂ ಸರಿಯಿಲ್ಲ. ಅವಳೇ. ಚೇಷ್ಟೆ ಮಾಡುವಾಗ ಅವಳ ಹುಬ್ಬು ಏರುವುದನ್ನು ನಾನು ದಿನಾ ನೋಡುತ್ತಿದ್ದೆ, ನನಗೆ ಕಾಣಿಸಿರಲಿಲ್ಲ. ನಿನಗೆ ಫೋಟೋದಲ್ಲೇ ಕಾಣಿಸಿತು. ನನಗೆ ಹೊಟ್ಟೆಕಿಚ್ಚಾಯಿತು, ಅದನ್ನೇಕೆ ಮುಚ್ಚಿಡಲಿ.

ಮಗಳು ಅದನ್ನು ಕೆಲಸದ ಮೇಜಿನ ಮೇಲೆ ದೀಪದ ಕೆಳಗೆ ಇಟ್ಟುಕೊಂಡಳು. ಕಣ್ಣಿಗೆ, ಹುಬ್ಬಿಗೆ ತಾನೇ ಬಣ್ಣ ಹಾಕಿದಳು. ಆಮೇಲೆ ದಿನವೂ ಮಗ್ಗಿ ಕಲಿಯುವ ಹಾಗೆ ಕಲಿತಳು. ಹುಬ್ಬು ಎಡಕ್ಕೆ ಮೇಲೆ, ತುಟಿ ಮುಂದೆ, ಕಿವಿ ಬಲಕ್ಕೆ ಹೊರಗೆ. ಮೊದಲು ಗೊಂಬೆ ನೋಡುವುದು, ಆಮೇಲೆ ಚೂಟಿಯನ್ನು ಎದುರಿಗೆ ಕೂರಿಸಿಕೊಂಡು ನೋಡುವುದು, ಮತ್ತೆ ಗೊಂಬೆ. ಚೂಟಿ ಹಂದಾಡದೆ ಕೂರುತ್ತಿದ್ದಳು. ಎರಡು ನಿಮಿಷ ಒಂದು ಕಡೆ ಕೂರದ ಹುಡುಗಿ ಅದು.

ಹೋದ ವಾರ ಮಗಳು ತಾನೇ ಶಾಲೆಗೆ ಹೊರಟಳು. ನಾನು ದೂರದಲ್ಲಿ, ನಿಂತಿದ್ದ ವ್ಯಾನಿನ ಹಿಂದೆ ನಿಂತೆ. ಚೂಟಿ ಬೇಕೆಂದೇ ಬ್ಯಾಗನ್ನು ಗೆಳತಿಯ ಕೈಗೆ ಕೊಟ್ಟು ಬರಿಗೈಯಲ್ಲಿ ಬಂದಿದ್ದಳು, ಮಕ್ಕಳ ಗುಂಪಿನ ನಡುವೆ. ಅವಳಮ್ಮ ಒಂದೊಂದೇ ಮುಖ ನೋಡುತ್ತ ಬಂದಳು. ಒಬ್ಬಳ ಮುಂದೆ ನಿಂತಳು, ಮುಂದೆ ಹೋದಳು. ಆಮೇಲೆ ಗುಂಪಿನೊಳಗೆ ಕೈ ಚಾಚಿ, ಚೂಟಿ ಬಾಯಿ ತೆರೆಯುವ ಮೊದಲೇ, ಅವಳ ಭುಜ ಹಿಡಿದುಕೊಂಡಳು.

“ನೀನೇ,” ಅಂದಳು. “ನನ್ನ ಚೂಟಿ.”

ನಾನು ವ್ಯಾನಿಗೆ ಆತುಕೊಂಡು ಅತ್ತೆ. ಅದರ ಡ್ರೈವರ್ ಬಂದು ನೀರು ಬೇಕಾ ಸಾರ್ ಎಂದು ಕೇಳಿದ.

ಅಳಿಯನಿಗೆ ಫೋನಿನಲ್ಲಿ ಹೇಳಿದೆ. ತನ್ನದೂ ಒಂದು ತಲೆ ಮಾಡಿಸೋಣವೇ ಎಂದು ಕೇಳಿದ. ನಿನ್ನ ಮೂಗು ನಮ್ಮ ಬುರುಡೆರಾಯನ ಕೈಗೆ ಸಿಕ್ಕಿದರೆ ಗೊಂಬೆ ಮುಗ್ಗರಿಸುತ್ತದೆ ಮಾರಾಯ ಎಂದೆ.

ನನ್ನ ಕಡೆಯಿಂದ ನಿನಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ಜೀವಮಾನವಿಡೀ ಇದ್ದದ್ದನ್ನು ಇದ್ದ ಹಾಗೆ ಮಾಡಿದೆ. ನನ್ನ ಮಗಳಿಗೆ ಬೇಕಾದಾಗ ಅದು ಉಪಯೋಗಕ್ಕೆ ಬರಲಿಲ್ಲ. ಸಂಕಟವಾಗುತ್ತದೆ. ಆದರೆ ಉಪಯೋಗಕ್ಕೆ ಬಂದದ್ದು ನಿನ್ನ ಕೈ ಎಂಬುದು ಸಮಾಧಾನ. ನಿನ್ನ ಕೈ ಗಟ್ಟಿಯಾಗಿರಲಿ, ಕಣ್ಣು ಮಂಜಾಗದಿರಲಿ. ಮಗನಿಗೂ ಸೊಸೆಗೂ ನನ್ನ ಆಶೀರ್ವಾದ ಹೇಳು, ಅತ್ತಿಗೆಯವರಿಗೆ ನಮಸ್ಕಾರ. ಮಗಳು ಮಾಮನಿಗೆ ಪ್ರತ್ಯೇಕವಾಗಿ ಬರೆಯುತ್ತಾಳಂತೆ.

ನಿನ್ನ
ಭೂತಗನ್ನಡಿ

ಮರೆತ ಮಾತು: ಮರೆತದ್ದೇನಲ್ಲ. ಸಹಿ ಹಾಕಿ, ಮಡಚಿ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ನೀನು ಮಾಡಿದ ಮುಖ ಚೇಷ್ಟೆಯ ಹೊತ್ತಿನದು. ಮಕ್ಕಳ ಮುಖ ಇಡೀ ದಿನ ಹಾಗೇ ಇರುತ್ತದೆಯೇ? ನಮ್ಮಿಬ್ಬರಿಗೂ ಇದು ಹೊಳೆಯಲಿಲ್ಲ, ಚೂಟಿಗೆ ಹೊಳೆಯಿತು. ಅಮ್ಮ ಎದುರಿಗೆ ಬಂದರೆ ಸಾಕು, ಅವಳ ಹುಬ್ಬು ಏರುತ್ತದೆ, ತುಟಿ ಮುಂದೆ ಬರುತ್ತದೆ. ನಾನು ಆಟವೆಂದುಕೊಂಡಿದ್ದೆ.

ನಿನ್ನೆ ಸಂಜೆ ಹೊರಗೆ ಆಡುವಾಗ ಬಿದ್ದು, ಮಂಡಿ ಸುಲಿದುಕೊಂಡು ಬಿಕ್ಕುತ್ತ ಬಂದಳು. ನಾನು ಮೆಟ್ಟಿಲ ಪಕ್ಕ ಸೈಕಲ್ ಒರೆಸುತ್ತಿದ್ದೆ, ನನ್ನನ್ನು ನೋಡಲಿಲ್ಲ. ಬಾಗಿಲ ಮುಂದೆ ನಿಂತಳು. ತೋಳಿನಿಂದ ಕಣ್ಣೊರೆಸಿಕೊಂಡಳು, ಮೂಗು ಒರೆಸಿಕೊಂಡಳು. ಹುಬ್ಬು ಏರಿಸಿದಳು. ತುಟಿ ನಡುಗುತ್ತಿತ್ತು, ಅದು ನಿಲ್ಲುವ ತನಕ ಕಾದು ಮುಂದೆ ಮಾಡಿದಳು. ಆಮೇಲೆ ಒಳಗೆ ಹೋದಳು. ಬಂದ್ಯಾ ಚೂಟಿ ಎಂದು ಅವಳಮ್ಮ ಸಂತೋಷದಿಂದ ಕರೆದದ್ದು ಕೇಳಿಸಿತು.

ಗಾಯ ತೊಳೆದವನು ನಾನು. ಅಮ್ಮನ ಹತ್ತಿರ ಅಳಬಹುದಿತ್ತಲ್ಲ ಪುಟ್ಟಾ ಎಂದೆ.

“ಅಳೋ ಮುಖ ಅಮ್ಮಂಗೆ ಬರಲ್ಲ ತಾತ,” ಅಂದಳು.

ಗೊಂಬೆಯ ಪೆಟ್ಟಿಗೆಯಲ್ಲಿ ನಾವು ಬದಲಾಯಿಸಿ ಹಾಕಲು ಎರಡು ತಲೆ ಇಡುತ್ತಿದ್ದೆವಲ್ಲ, ಸುಮ್ಮನಿರುವುದೊಂದು, ಅಬ್ಬರಿಸುವುದೊಂದು. ಇವಳಿಗೂ ಇನ್ನೊಂದು ಮಾಡಿಕೊಡು ಮಾರಾಯ, ಅಳುವುದು. ನೋಡಿ ಮಾಡಲು ಫೋಟೋ ಕೇಳುತ್ತೀಯ. ಮನೆಯಲ್ಲೆಲ್ಲ ಹುಡುಕಿದೆ, ಒಂದೂ ಇಲ್ಲ; ಅಳುವ ಮಗುವಿನ ಫೋಟೋ ಯಾರು ತೆಗೆದಿಟ್ಟಿರುತ್ತಾರೆ? ಈಗ ತೆಗೆಯೋಣವೆಂದರೆ ಅವಳು ನಮ್ಮ ಮುಂದೆ ಅಳುವುದನ್ನೇ ಬಿಟ್ಟಿದ್ದಾಳೆ.