ನೀಲಕ್ಕನ ಜಮಖಾನ

ಅಪ್ಪಾ,

ನೀನು ತೀರಿಕೊಂಡ ಮೇಲೆ ಮೊದಲ ಸಲ ಇವತ್ತು ಊರಿನ ಕಂದಾಯ ನೋಡುವ ತಲಾಟಿ ನಮ್ಮ ಮನೆಗೆ ಬಂದಿದ್ದರು. ನಾವು ಬಡವರೆಂದು ಅವರು ಬರೆದುಕೊಟ್ಟರೆ ಮಾತ್ರ ಅಣ್ಣ ಹೊಳೆಪ್ಪನಿಗೆ ಧಾರವಾಡದ ಯೂನಿವರ್ಸಿಟಿಯಲ್ಲಿ ಸ್ಕಾಲರ್‌ಶಿಪ್ ಸಿಗುತ್ತದೆ. ಇಲ್ಲದಿದ್ದರೆ ಅವನು ಓದು ಬಿಟ್ಟು ಬರಬೇಕು.

ಬಂದವರನ್ನು ಬರಿ ನೆಲದ ಮೇಲೆ ಹೇಗೆ ಕೂಡಿಸುವುದೆಂದು ಅವ್ವ ಬಾಜು ಮನೆಯ ನೀಲಕ್ಕನ ಹೊಸ ಜಮಖಾನ ತಂದು ಹಾಸಿದಳು. ತುಪ್ಪ ಹಾಕಿ ಹೋಳಿಗೆ ಬಡಿಸಿದಳು.

ತಲಾಟಿ ಜಮಖಾನ ಸವರಿ, “ಇಷ್ಟ ಅನುಕೂಲ ಇದ್ದವ್ರನ್ನ ಬಡವರು ಅಂತ ಹ್ಯಾಂಗ ಬರೀಲಿ, ಯವ್ವಾ?” ಎಂದರು.

ಅಷ್ಟರಲ್ಲಿ ನೀಲಕ್ಕ ಒಳಗೆ ಬಂದಳು.

“ಸ್ವಲ್ಪ ಏಳ್ರಿ ಸಾಹೇಬ್ರ. ನಮ್ಮ ಮನಿಗೆ ಬೀಗರು ಬಂದಾರ, ನನ್ನ ಜಮಖಾನ ಬೇಕಾಗೇತಿ. ತುಪ್ಪಾನೂ ನಂದರಿ, ಅದಿರ್ಲಿ, ಉಣ್ರಿ.”

ತಲಾಟಿ ನಗುತ್ತಾ ನೆಲದ ಮೇಲೆ ಕೂತು ಬರೆದುಕೊಟ್ಟರು.

ಹೊರಡುವಾಗ ನನ್ನನ್ನು ಕೇಳಿದರು: “ನೀ ಸಾಲ್ಯಾಗ ಎಷ್ಟನೇ ಇಯತ್ತಾ ಮಟಾ ಕಲ್ತಿ, ತಂಗಿ?”

“ನಾಕನೇ ಇಯತ್ತಾ ರೀ.”

“ಮುಂದ ಯಾಕ ಬಿಟ್ಟಿ?”

ಅವ್ವ ತಲೆ ತಗ್ಗಿಸಿದಳು. ನನ್ನ ಶಾಲೆ ಬಿಡಿಸಿದ ದಿನ ನೀನು ಊಟ ಮಾಡದೆ ಮಲಗಿದ್ದು ನನಗೆ ನೆನಪಾಯಿತು.

“ನನಗ ಓದು ತಲಿಗೆ ಹತ್ತಲಿಲ್ರಿ” ಎಂದೆ.

ನೀನಿದ್ದಿದ್ದರೂ ನಾನು ಹಾಗೆಯೇ ಹೇಳುತ್ತಿದ್ದೆ, ಅಪ್ಪಾ.